ಕೂಗಳತೆ

ಕಳೆದ ಭಾನುವಾರ ನಾವು ಹದಿನಾಲ್ಕು ಮಂದಿ ಬೆಂಗಳೂರಿನ ಜರಗನಹಳ್ಳಿಯಿಂದ ಹಾರೋಹಳ್ಳಿಗೆ ಸೈಕಲ್ ತುಳಿದು ಹಿಂತಿರುಗಿದೆವು. ದರ್ಶಿನಿಯ ಮುಂದೆ ಸೈಕಲ್ ಒರಗಿಸಿದ್ದೇ ತಡ, ಇಡ್ಲಿ ಬರುವ ಮೊದಲೇ ಎಲ್ಲರ ಕೈಯಲ್ಲೂ ಮೊಬೈಲ್. ಹದಿನಾಲ್ಕು ಪರದೆಗಳ ಮೇಲೂ ಸರಾಸರಿ ವೇಗ ಗಂಟೆಗೆ 26 ಕಿಲೋಮೀಟರ್, ದಶಾಂಶದಲ್ಲಷ್ಟೇ ಹೆಚ್ಚುಕಮ್ಮಿ. ಅರ್ಧ ದಾರಿ ಮುಂದೆ ನಿಂತು ಎದುರುಗಾಳಿ ಸೀಳಿದ ಹುಡುಗನದೂ 26. ಹೋಗುವಾಗಲೂ ಬರುವಾಗಲೂ ಯಾರದಾದರೊಬ್ಬರ ಬೆನ್ನ ಹಿಂದೆ ಅಡಗಿದ್ದ ನನ್ನದೂ 26. ಮನೆಗೆ ಬಂದು ಅದನ್ನು ಹೆಂಡತಿಗೆ ತೋರಿಸಿದೆ. ಅವಳು ‘ಪರವಾಗಿಲ್ವೇ’ ಅಂದಳು. ಸ್ನಾನಕ್ಕೆ ಇಳಿದಾಗ ಒಂದು ಪ್ರಶ್ನೆ ಕಾಡತೊಡಗಿತು: ಆ 26 ಯಾರದು?

ಲೆಕ್ಕದಿಂದಲೇ ಶುರುಮಾಡೋಣ. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನಿಗೆ ದೊಡ್ಡ ಅಡ್ಡಿ ಗಾಳಿ. ಅದರ ತಡೆ ವೇಗದ ವರ್ಗದಷ್ಟು ಏರುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು. 25ರಲ್ಲಿ ಹೋಗುತ್ತಿದ್ದವನು 30ಕ್ಕೆ ಏರಿದರೆ, ವೇಗ ಹೆಚ್ಚುವುದು ಐದರಲ್ಲೊಂದು ಪಾಲು, ಗಾಳಿಗೆ ತೆರುವ ಶಕ್ತಿ ಮಾತ್ರ ಸುಮಾರು 73 ಪ್ರತಿಶತ ಜಾಸ್ತಿ. ಇನ್ನೊಬ್ಬನ ಹಿಂದಿನ ಚಕ್ರಕ್ಕೆ ಮೊಳದಷ್ಟು ಬಿಟ್ಟು ಅಂಟಿಕೊಂಡರೆ ಈ ಸುಂಕದ ಒಳ್ಳೆಯ ಪಾಲನ್ನು ಮುಂದಿನವನೇ ಕಟ್ಟುತ್ತಾನೆ. ಬರ್ಟ್ ಬ್ಲಾಕನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2018ರಲ್ಲಿ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ 121 ಸವಾರರ ಗುಂಪಿನ ಮಾದರಿ ಮಾಡಿ ಪರೀಕ್ಷಿಸಿದರು. ಗುಂಪಿನ ನಡುವೆ, ಹಿಂಭಾಗಕ್ಕೆ ಇರುವವನಿಗೆ ತಗಲುವ ಗಾಳಿಯ ತಡೆ ಒಂಟಿ ಸವಾರನಿಗೆ ತಗಲುವುದರ 5ರಿಂದ 10 ಪ್ರತಿಶತಕ್ಕೆ ಇಳಿದಿತ್ತು. ನಮ್ಮ ಹದಿನಾಲ್ಕು ಜನರ ಗುಂಪು ಅಷ್ಟು ದಟ್ಟವಲ್ಲ, ನಡುನಡುವೆ ಹಳ್ಳಕ್ಕೆ ಹೆದರಿ ಚದುರುವುದೂ ಉಂಟು. ಆದರೂ ಹಿಂದಿದ್ದವನಿಗೆ ಸಿಗುವ ರಿಯಾಯಿತಿ ಸಣ್ಣದಲ್ಲ.

ಪವರ್ ಮೀಟರ್ ಹಾಕಿಸಿಕೊಂಡರೆ ಸತ್ಯ ಹೊರಬೀಳುತ್ತದಲ್ಲ ಸಾರ್, ಎನ್ನುತ್ತಾರೆ ಗುಂಪಿನ ಇಂಜಿನಿಯರುಗಳು. ಬೆಂಗಳೂರಿನ ಸೈಕಲ್ ಗುಂಪಿನಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ. ಅವರ ಮಾತೂ ಸುಳ್ಳಲ್ಲ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಹೊರತಂದ ಈ ಉಪಕರಣ, ಕಾಲಿನ ಒತ್ತಡಕ್ಕೆ ಪೆಡಲಿನ ಬುಡದ ಲೋಹ ಎಷ್ಟು ನಲುಗಿತು ಎಂಬುದನ್ನು ಅಳೆದು ವ್ಯಾಟ್ ಲೆಕ್ಕದಲ್ಲಿ ಹೇಳುತ್ತದೆ. ಆ ಹುಡುಗನ ಸೈಕಲ್ಲಿನಲ್ಲೂ ಇದೆ, ಸಾಲ ಮಾಡಿ ಕೊಂಡ ನನ್ನದರಲ್ಲೂ ಇದೆ. ಅವನದು 210 ತೋರಿಸುವಾಗ ನನ್ನದು 140. ಒಂದೇ ರಸ್ತೆ, ಒಂದೇ ವೇಗ. ನಾನು ಕಡಿಮೆ ತೆತ್ತೆ ಎಂಬುದನ್ನು ಮೀಟರು ನಿಖರವಾಗಿ ಹೇಳಿತು. ಉಳಿದದ್ದನ್ನು ತೆತ್ತವರು ಯಾರು ಎಂಬ ಅಂಕಣ ಮಾತ್ರ ಅದರಲ್ಲಿ ಇಲ್ಲ. ನನ್ನ ಮಟ್ಟಿಗೆ ಅದು ಬರೆದುಕೊಂಡದ್ದು ‘ಹಗುರ ಸವಾರಿ’ ಎಂದು. ಹಗುರಾಗಿದ್ದು ಹೇಗೆ ಎಂದು ಕೇಳಲು ಅದಕ್ಕೆ ಬಾಯಿಲ್ಲ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಾನು ನಿನ್ನ ಗದ್ದೆಗೆ ನಾಟಿಗೆ ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಾ. ಕೂಲಿ ಇಲ್ಲ, ಚೀಟಿ ಇಲ್ಲ. ಒಂದು ಆಳಿಗೆ ಒಂದು ಆಳು. ಗಟ್ಟಿಮುಟ್ಟಾದವನ ದಿನವೂ ಒಂದೇ, ಕೆಮ್ಮುವ ಮುದುಕನ ದಿನವೂ ಒಂದೇ. ಸೈಕಲ್ ಗುಂಪಿನಲ್ಲಿ ಸರದಿಯ ಮೇಲೆ ಮುಂದೆ ಹೋಗಿ ಗಾಳಿ ತಿನ್ನುವುದು ಇದರ ಖಾಸಾ ತಮ್ಮ. ಬಲವಿದ್ದವನು ಐದು ನಿಮಿಷ ಮುಂದಿರುತ್ತಾನೆ, ಇಲ್ಲದವನು ಅರ್ಧ ನಿಮಿಷ ಇದ್ದು ಮೊಣಕೈ ಆಡಿಸಿ ಪಕ್ಕಕ್ಕೆ ಸರಿಯುತ್ತಾನೆ. ಅರ್ಧ ನಿಮಿಷವಾದರೂ ಸರದಿ ಸರದಿಯೇ. ಮುಯ್ಯಿಗೆ ಮುಯ್ಯಿ ತೀರಿತು. ಮುಯ್ಯಿಯ ಲೆಕ್ಕ ನೆನಪಿನಲ್ಲಿರುತ್ತದೆ, ಅದೂ ಇಬ್ಬರ ನೆನಪಿನಲ್ಲಿ. ನನ್ನ ಮೀಟರಿನ ಲೆಕ್ಕ ನನ್ನೊಬ್ಬನ ಜೇಬಿನಲ್ಲಿ.

ಉಪಕರಣಗಳನ್ನು ಬೈಯಲು ಹೊರಟವನಲ್ಲ ನಾನು. ಅಳತೆ ನಮ್ಮ ಸೈಕಲ್ಲಿಗೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಜರಗನಹಳ್ಳಿ ಇನ್ನೂ ಊರಾಚೆಯ ಹಳ್ಳಿಯಂತಿದ್ದ ಕಾಲದಲ್ಲಿ ನಾವು ಸೈಕಲ್ ಕಲಿತದ್ದು ಗಂಟೆ ಲೆಕ್ಕದ ಬಾಡಿಗೆ ಗಾಡಿಯಲ್ಲಿ, ಸೀಟಿಗೆ ಕಾಲು ಎಟುಕದೆ ಒಳಪೆಡಲ್ ಹೊಡೆದುಕೊಂಡು. ಅಂಗಡಿಯವರು ಸ್ಲೇಟಿನ ಮೇಲೆ ಹೆಸರು, ಹೊತ್ತು ಬರೆದುಕೊಳ್ಳುತ್ತಿದ್ದರು. ಐದು ನಿಮಿಷ ಮೀರಿದರೆ ಅರ್ಧ ಗಂಟೆಯ ಕಾಸು. ಸಾರಕ್ಕಿ ಕೆರೆ ಏರಿಯ ಕಡೆಯಿಂದ ಅಂಗಡಿಯ ತನಕ ನಾನು ಹೊಡೆದಷ್ಟು ಜೋರಾಗಿ ಈಗಿನ ಯಾವ ತರಬೇತಿಯಲ್ಲೂ ಸೈಕಲ್ ಹೊಡೆದಿಲ್ಲ. ಆ ಸ್ಲೇಟು ಇವತ್ತಿನ ಸ್ಟ್ರಾವಾದ ಅಜ್ಜ. 2009ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಟ್ರಾವಾ ಎಂಬ ಆ್ಯಪ್ ರಸ್ತೆಯ ತುಂಡುಗಳಿಗೆಲ್ಲ ಹೆಸರಿಟ್ಟು, ಅಲ್ಲಿ ಯಾರು ಎಷ್ಟು ಬೇಗ ಹಾದುಹೋದರು ಎಂದು ಪಟ್ಟಿ ಮಾಡುತ್ತದೆ. ಮೆಟ್ರೊ ಕಂಬಗಳ ಕೆಳಗೆ ಹೊರಟಾಗ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ನಾನು ಯಾರದೋ ಮನೆಯ ನಡುಮನೆ ದಾಟಿ ಹೋದಂತೆ ಅದು ಗೆರೆ ಎಳೆದದ್ದೂ ಇದೆ. ಸ್ಲೇಟಿನವರು ಅಂಥ ತಪ್ಪು ಮಾಡುತ್ತಿರಲಿಲ್ಲ.

ಎದೆಬಡಿತ ಅಳೆಯುವ ಪಟ್ಟಿಯಿಂದ ನನಗೆ ಉಪಕಾರವೇ ಆಗಿದೆ. ನಿಧಾನ ಸವಾರಿ ಎಂದು ನಾನು ಭಾವಿಸಿದ್ದ ದಿನಗಳಲ್ಲೂ ಹೃದಯ ಓಡುತ್ತಲೇ ಇತ್ತೆಂದು ತೋರಿಸಿದ್ದು ಅದೇ. ಆದರೆ ಅದರ ಜೊತೆಗೆ ಬಂದ ಸೂತ್ರವೊಂದಿದೆ: 220ರಲ್ಲಿ ವಯಸ್ಸು ಕಳೆದರೆ ನಿನ್ನ ಗರಿಷ್ಠ ಬಡಿತ. ಐವತ್ತೆರಡರ ನಾನು 168 ಎಂಬ ಸಂಖ್ಯೆಯನ್ನು ಲಕ್ಷ್ಮಣರೇಖೆಯಂತೆ ಎರಡು ವರ್ಷ ಪಾಲಿಸಿದೆ. ಆಮೇಲೆ ಓದಿ ತಿಳಿದದ್ದು, 1970ರ ದಶಕದ ಆರಂಭದಲ್ಲಿ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಇಬ್ಬರು ಸಂಶೋಧಕರು ಬೇರೆಯವರ ಕೆಲವು ಅಧ್ಯಯನಗಳ ಅಂಕಿಗಳನ್ನು ಗುರುತಿಸಿ, ಅವುಗಳ ನಡುವೆ ಅಂದಾಜಿಗೆ ಎಳೆದ ಗೆರೆ ಅದು ಎಂದು. ಒಬ್ಬೊಬ್ಬ ಮನುಷ್ಯನಿಗೆ ಹತ್ತು ಹದಿನೈದು ಬಡಿತ ಆಚೀಚೆ ಆಗುವುದು ಸಾಮಾನ್ಯ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಇನ್ನೊಂದು ದಾರಿ ಹಿಡಿದರು: ಮನುಷ್ಯನನ್ನೇ ಕೇಳಿದರು. ಎಷ್ಟು ಕಷ್ಟವಾಗುತ್ತಿದೆ, 6ರಿಂದ 20ರೊಳಗೆ ಹೇಳು. ಆ ಉತ್ತರವನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಪ್ರಾಯದವರಲ್ಲಿ ಎದೆಬಡಿತದ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ‘ಯಂತ್ರ ಸುಳ್ಳು, ಅನುಭವ ನಿಜ’ ಎಂಬ ಭಾವುಕ ವಾದಕ್ಕೂ ನಾನು ಸೇರುವವನಲ್ಲ. ಮೈಗೆ ಲೆಕ್ಕ ಗೊತ್ತಿದೆ, ಯಂತ್ರಕ್ಕೂ ಗೊತ್ತಿದೆ. ನನ್ನ ತಕರಾರು, ಎರಡೂ ಒಬ್ಬನ ಚರ್ಮದೊಳಗೇ ನಿಂತುಬಿಡುತ್ತವೆ ಎಂಬುದು.

ಹಳೆಯ ಅಳತೆಗಳನ್ನು ನೋಡಿ. ಗೇಣು, ಮೊಳ, ಮಾರು: ಎಲ್ಲ ಒಬ್ಬನ ಮೈಯಿಂದ ಹುಟ್ಟಿದವು. ಅವುಗಳ ಪಕ್ಕದಲ್ಲಿ ಕನ್ನಡದಲ್ಲಿ ಒಂದು ವಿಚಿತ್ರ ಅಳತೆ ಇದೆ, ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ. ಒಬ್ಬನೇ ಇದ್ದಾಗ ಗೇಣು ಇಡಬಹುದು, ಮಾರು ಹಾಕಬಹುದು. ಕೂಗಳತೆಗೆ ಇಬ್ಬರು ಬೇಕು. ಕೂಗುವವನ ಗಂಟಲಿನಷ್ಟೇ ಕೇಳುವವನ ಕಿವಿಯೂ ಆ ಅಳತೆಯ ಭಾಗ. ಗಾಳಿ ಬೀಸಿದರೆ ಅದು ಕುಗ್ಗುತ್ತದೆ, ಕೇಳುವವನ ಗಮನ ಬೇರೆ ಕಡೆ ಇದ್ದರೆ ಹತ್ತೇ ಮಾರಿಗೂ ಇಳಿಯುತ್ತದೆ. ಗುಂಪು ಸವಾರಿಯ ನಿಜವಾದ ಅಳತೆ ಇದು ಎಂದು ನನ್ನ ವಾದ. ಕೊನೆಯವನು ಕೂಗಿದರೆ ಮುಂದಿನವರಿಗೆ ಕೇಳಿಸುತ್ತದೆಯೇ? ಕೇಳಿಸುವ ತನಕ ಅದು ಗುಂಪು. ಆಮೇಲೆ, ಒಂದೇ ದಿಕ್ಕಿಗೆ ಹೋಗುತ್ತಿರುವ ಕೆಲವು ಸೈಕಲ್ಲುಗಳು.

ಇದನ್ನು ನನಗೆ ಕಲಿಸಿದ್ದು ಒಂದು ಪಂಕ್ಚರು. ಕೆಲವು ವರ್ಷಗಳ ಹಿಂದಿನ ದೊಡ್ಡ ಸವಾರಿ ಅದು, ಹೆಸರು ಬೇಡ. ನೂರಾರು ಜನ, ಎಲ್ಲರಿಗೂ ಒಂದೇ ಬಣ್ಣದ ಜೆರ್ಸಿ, ಎದೆಗೆ ಸಂಖ್ಯೆ, ಕಾಲಿಗೆ ಹೊತ್ತು ಗುರುತಿಸುವ ಚಿಪ್ಪು. ಊರು ದಾಟಿದ ಮೇಲೆ ನನ್ನ ಹಿಂದಿನ ಚಕ್ರ ಉಸಿರು ಬಿಟ್ಟಿತು. ನನ್ನ ಹತ್ತಿರ ಇದ್ದ ಒಂದೇ ಟ್ಯೂಬನ್ನು ಅದೇ ಬೆಳಿಗ್ಗೆ ಇನ್ನೊಬ್ಬರಿಗೆ ಕೊಟ್ಟಿದ್ದೆ. ರಸ್ತೆ ಬದಿಯಲ್ಲಿ ನಿಂತು ಕೈ ಬೀಸಿದೆ, ಕೂಗಿದೆ. ನನ್ನನ್ನು ದಾಟಿದವರು ಕಡಿಮೆಯೆಂದರೂ ಅರವತ್ತು ಜನ. ಕೆಟ್ಟವರೇನಲ್ಲ. ಅವರಲ್ಲಿ ಯಾರನ್ನಾದರೂ ಮನೆಗೆ ಕರೆದರೆ ಹಣ್ಣು ತೆಗೆದುಕೊಂಡು ಬರುವಂಥವರು. ಆದರೆ ತಲೆ ತಗ್ಗಿತ್ತು, ಹ್ಯಾಂಡಲಿನ ಮೇಲಿನ ಸಣ್ಣ ಪರದೆಯಲ್ಲಿ ಕಣ್ಣಿತ್ತು, ಚಿಪ್ಪು ಓಡುತ್ತಿತ್ತು. ನಿಂತರೆ ಸರಾಸರಿ ಇಳಿಯುತ್ತದೆ. ಕಡೆಗೆ ನಿಂತವರು ಹಾಲಿನ ಕ್ಯಾನು ಕಟ್ಟಿಕೊಂಡು ಎದುರಿನಿಂದ ಬರುತ್ತಿದ್ದ ಹಳೇ ಅಟ್ಲಾಸ್ ಸೈಕಲ್ಲಿನ ಯಜಮಾನರು. ‘ಏನಾಯ್ತು ಸ್ವಾಮಿ, ಗಾಳಿ ಹೋಯ್ತಾ?’ ಎಂದು ಕೇಳಿ, ಎರಡು ಕಿಲೋಮೀಟರ್ ಹಿಂದಿದ್ದ ಪಂಕ್ಚರ್ ಅಂಗಡಿಯ ತನಕ ನನ್ನ ಜೊತೆ ನಡೆದೇ ಬಂದರು. ಅಂಗಡಿಯ ಹುಡುಗ ನನ್ನ ತೆಳ್ಳನೆಯ ಟ್ಯೂಬನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಸೈಕಲ್ಲಿದೋ ಬಲೂನಿನದೋ ಎಂದು ನಕ್ಕು, ತೇಪೆ ಹಾಕಿಕೊಟ್ಟ. ಆ ದಿನ ನನ್ನ ಕೊರಳಿಗೂ ಪದಕ ಬಿತ್ತು. ಪ್ರಮಾಣಪತ್ರದಲ್ಲಿ ಹೊತ್ತು ಸೆಕೆಂಡಿನ ತನಕ ಮುದ್ರಿತವಾಗಿದೆ.

ಎಲ್ಲ ಸಾಮೂಹಿಕ ಸವಾರಿಯೂ ಹೀಗೇ ಎಂದರೆ ಅನ್ಯಾಯ. 2013ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾದ ಸೈಕಲ್ ದಿನಗಳಲ್ಲಿ ಮಕ್ಕಳು ಮೀಟರಿಲ್ಲದೆ ಒಂದೇ ರಸ್ತೆಯಲ್ಲಿ ಹತ್ತು ಸಲ ಸುತ್ತಿದ್ದನ್ನು ನೋಡಿದ್ದೇನೆ. ಗುಂಪಿನಲ್ಲಿ ರಕ್ಷಣೆಯೂ ಇದೆ: ಒಂಟಿ ಸೈಕಲ್ಲು ಲಾರಿಯ ಕಣ್ಣಿಗೆ ಬೀಳುವುದಿಲ್ಲ, ನಲವತ್ತು ಸೈಕಲ್ಲು ಸೇರಿದರೆ ಅದೇ ಒಂದು ದೊಡ್ಡ ವಾಹನ. ಹಾರೋಹಳ್ಳಿಗೆ ಹೋಗುವ ಕನಕಪುರ ರಸ್ತೆಯಲ್ಲಿ ಬದುಕಿ ಬರಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಗೊತ್ತಿಲ್ಲ.

ಬೆಂಗಳೂರಿನವರು ಬಿಆರ್‌ಎಂ ಎಂದು ಕರೆಯುವ ದೂರದ ಸವಾರಿಯದು ಬೇರೆಯೇ ಸ್ವಭಾವ. ಅದರ ಕಥೆಯಲ್ಲಿ ನಮ್ಮ ಪ್ರಶ್ನೆಯೇ ಅಡಗಿದೆ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮಿನಿಂದ ನೇಪಲ್ಸಿಗೆ ಸುಮಾರು 230 ಕಿಲೋಮೀಟರನ್ನು ಒಂದೇ ಹಗಲಲ್ಲಿ ಒಟ್ಟಾಗಿ ಮುಟ್ಟಿದರು. 1904ರ ಹೊತ್ತಿಗೆ ಈ ಪದ್ಧತಿ ಫ್ರಾನ್ಸಿಗೆ ಬಂತು: ಗುಂಪಿಗೊಬ್ಬ ನಾಯಕ, ಗೊತ್ತುಮಾಡಿದ ವೇಗ, ಎಲ್ಲರೂ ಕೂಡಿ ಹೊರಟು ಕೂಡಿ ತಲುಪಬೇಕು. 1921ರಲ್ಲಿ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಈ ಕಟ್ಟನ್ನು ಬಿಚ್ಚಿ, ಅವರವರ ವೇಗಕ್ಕೆ ಅವರವರೇ ಹೊಣೆ ಎಂದಿತು. ಇವತ್ತು ನಮ್ಮಲ್ಲಿ ನಡೆಯುವುದು ಈ ಎರಡನೆಯ ಬಗೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಮೊದಲನೆಯವನು, ಕೊನೆಯವನು ಎಂಬ ಸ್ಥಾನಗಳಿಲ್ಲ. ನಡುವಿನ ತಪಾಸಣೆ ತಾಣಕ್ಕೆ ಅದು ತೆರೆಯುವ ಮೊದಲೇ ತಲುಪಿದರೆ ಕಾದು ಕೂರಬೇಕು, ಅತಿ ಬೇಗವೂ ಇಲ್ಲಿ ತಪ್ಪು. ನಾನು ಮಾಡಿದ್ದು ಎರಡೇ 200, ಎರಡರಲ್ಲೂ ಬಾಗಿಲು ಮುಚ್ಚುವ ಹೊತ್ತಿಗೆ ಹೋಗಿ ಬಿದ್ದವನು. ಎಂಟು ಗಂಟೆಯಲ್ಲಿ ಮುಗಿಸಿದ ಹುಡುಗಿಗೆ ಸಿಕ್ಕ ಮನ್ನಣೆಯೇ ನನಗೂ ಸಿಕ್ಕಿತು. ಇಲ್ಲಿ ಗಡಿಯಾರ ಬಾಗಿಲು ಕಾಯುತ್ತದೆ, ಅಷ್ಟೇ. ನನ್ನ ಅನುಭವದಲ್ಲಿ, ಕತ್ತಲಾದ ಮೇಲೆ ಗುರುತಿಲ್ಲದವನಿಗಾಗಿ ನಿಂತು ‘ಹೊರಡೋಣ್ವಾ?’ ಎನ್ನುವವರು ಸಿಗುವುದು ಈ ಸವಾರಿಗಳಲ್ಲೇ ಹೆಚ್ಚು. ಮುಂದೆ ಹೋಗಿ ಗೆಲ್ಲಲು ಏನೂ ಇಲ್ಲದಾಗ ನಿಲ್ಲುವುದು ಸುಲಭ.

ಇದನ್ನೆಲ್ಲ ಗುಂಪಿನಲ್ಲಿ ಹೇಳಿದಾಗ ಒಬ್ಬಾಕೆ ನನ್ನನ್ನು ತಡೆದರು. ಬ್ಯಾಂಕಿನಲ್ಲಿ ಕೆಲಸ, ಬೆಟ್ಟ ಏರುವುದರಲ್ಲಿ ನಮ್ಮಲ್ಲಿ ಮೂರು ಜನರನ್ನು ಬಿಟ್ಟರೆ ಅವರೇ. ‘ಸಾರ್, ಈ ಮೀಟರ್ ಬರೋ ಮುಂಚೆ ಪ್ರತಿ ಭಾನುವಾರ ಯಾರಾದ್ರೂ ಗಂಡಸರು ನಂಗೆ ಗೇರ್ ಹೇಗೆ ಹಾಕ್ಬೇಕು ಅಂತ ಹೇಳ್ಕೊಡ್ತಿದ್ರು. ಅಂಕಿ ನೋಡಿದ್ಮೇಲೆ ಬಾಯಿ ಮುಚ್ಕೊಂಡ್ರು. ನಿಮ್ಮ ಕೂಗಳತೆಯೊಳಗೆ ಬರೀ ಉಪದೇಶವೇ ಕೇಳಿಸ್ತಿತ್ತು.’ ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗುಂಪಿನ ಆತ್ಮೀಯತೆಗೆ ಒಂದು ದಬ್ಬಾಳಿಕೆಯ ಮುಖವೂ ಇದೆ, ಸಂಖ್ಯೆಗೆ ಗಂಡು ಹೆಣ್ಣಿಲ್ಲ, ಜಾತಿಯಿಲ್ಲ. ಮುಯ್ಯಾಳಿನ ಗದ್ದೆಗೂ ಎಲ್ಲರನ್ನೂ ಕರೆಯುತ್ತಿದ್ದರೇ ಎಂದು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಹಾಗಾಗಿ ನನ್ನ ವಾದವನ್ನು ಇಷ್ಟಕ್ಕೆ ಇಳಿಸಿಕೊಂಡಿದ್ದೇನೆ: ನಾನು ಎಷ್ಟರವನು ಎಂದು ತಿಳಿಯಲು ಮೀಟರು ಬೇಕು, ಇರಲಿ. ನಾವು ಒಟ್ಟಿಗಿದ್ದೇವೆಯೇ ಎಂದು ತಿಳಿಯಲು ಅದನ್ನು ಕೇಳಬಾರದು.

ಸೈಕಲ್ಲಿನ ಮೇಲಿನ ಸಾಮಾನುಗಳನ್ನೇ ಒಮ್ಮೆ ಹೀಗೆ ವಿಂಗಡಿಸಿ ನೋಡಿ, ಯಾವುದು ಯಾರ ಕಡೆ ಮುಖ ಮಾಡಿದೆ ಎಂದು. ವೇಗದ ಪರದೆ, ಪವರ್ ಮೀಟರು, ಎದೆಪಟ್ಟಿ ಎಲ್ಲ ನನ್ನ ಕಡೆ. ಗಂಟೆ, ಹಿಂದಿನ ಕೆಂಪು ದೀಪ, ನಾನು ಎಲ್ಲಿದ್ದೇನೆಂದು ಮನೆಯವರಿಗೆ ತೋರಿಸುವ ಮೊಬೈಲಿನ ನಕ್ಷೆ, ಇವು ಬೇರೆಯವರ ಕಡೆ. ಆ ನಕ್ಷೆ ಒಂದು ಬಗೆಯ ಹೊಸ ಕೂಗಳತೆಯೇ. ಕೊಳ್ಳುವಾಗ ನಾನು ಮೊದಲ ಬಗೆಗೆ ಹತ್ತಾರು ಸಾವಿರ ಸುರಿದೆ. ಕೆಂಪು ದೀಪಕ್ಕೆ ಆರುನೂರು ರೂಪಾಯಿ ಎಂದಾಗ ಅಂಗಡಿಯಲ್ಲಿ ಚೌಕಾಸಿ ಮಾಡಿದ್ದೆ.

ಬರುವ ಭಾನುವಾರವೂ ಹೊರಡುತ್ತಿದ್ದೇವೆ, ಬೆಳಿಗ್ಗೆ ಐದೂಕಾಲಿಗೆ, ಜರಗನಹಳ್ಳಿಯ ಮೆಟ್ರೊ ಕಂಬಗಳ ಕೆಳಗೆ. ಎದುರುಗಾಳಿ ಸೀಳಿದ ಆ ಹುಡುಗನಿಗೆ ಈ ಸಲ ಹಿಂದೆ ಕೂರುವ ಸರದಿ, ಕಗ್ಗಲೀಪುರದ ತನಕ ಮುಂದೆ ನಾನು. ವೇಗ 26 ಇರುವುದಿಲ್ಲ. ಬರುವವರು ಹಿಂದಿನ ದೀಪ ಹಾಕಿಕೊಂಡು ಬನ್ನಿ, ಎರಡು ಟ್ಯೂಬು ಇಟ್ಟುಕೊಳ್ಳಿ. ಪವರ್ ಮೀಟರು ಇದ್ದರೂ ಅಡ್ಡಿಯಿಲ್ಲ.