ಹೊಗೆ ಯಾರ ಸ್ವತ್ತು?

ಜೆ.ಸಿ. ರಸ್ತೆಯಿಂದ ಕಲಾಸಿಪಾಳ್ಯದವರೆಗಿನ ಗಲ್ಲಿಗಳಲ್ಲಿ ಲಾರಿ ರಿಪೇರಿ ಕಲಿಯುವವರಿಗೆ ಹಿಂದೆ ಬೇಕಾಗಿದ್ದದ್ದು ಸ್ಪ್ಯಾನರು, ಚುರುಕಾದ ಕಿವಿ ಮತ್ತು ಉಸ್ತಾದರ ಬೈಗುಳ. ಆಡುಗೋಡಿಯ ಮೈಕೋ ಕಾರ್ಖಾನೆ ಹೆಸರು ಮಾಡಿದ್ದೇ ಡೀಸೆಲ್ ಪಂಪುಗಳಿಂದ. ಆ ಪಂಪಿನ ಒಂದು ಸ್ಕ್ರೂ ತಿರುಗಿಸಿದರೆ ಎಂಜಿನ್ನಿಗೆ ಹೆಚ್ಚು ಡೀಸೆಲ್ ಹರಿಯುತ್ತಿತ್ತು, ಘಾಟಿ ಹತ್ತುವಾಗ ಲಾರಿ ಏದುಸಿರು ಬಿಡುತ್ತಿರಲಿಲ್ಲ. ಹೊಗೆ ತಪಾಸಣೆಯ ದಿನ ಅದೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ಸರ್ಟಿಫಿಕೇಟು ಕೈಗೆ ಬಂದ ಮೇಲೆ ಮತ್ತೆ ಮುಂದಕ್ಕೆ ತಿರುಗಿಸುವುದು ಗುಟ್ಟೇನೂ ಆಗಿರಲಿಲ್ಲ. ಈಗ ಆ ಸ್ಕ್ರೂ ಕಂಪ್ಯೂಟರಿನೊಳಗೆ ಹೋಗಿ ಕೂತಿದೆ. ತಿರುಗಿಸುವವರ ಕೈಯಲ್ಲಿ ಲ್ಯಾಪ್‌ಟಾಪ್ ಬಂದಿದೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಬಿ.ಎಸ್.-6 ನಿಯಮ ಕಡ್ಡಾಯವಾಯಿತು. ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳಿಯಿತು. ಲಾರಿಯಂಥ ಭಾರಿ ವಾಹನಗಳು ಉಗುಳಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ, ಕಿಲೋವ್ಯಾಟ್ ಗಂಟೆಗೆ 3.5 ಗ್ರಾಮ್ ಇದ್ದದ್ದು, ಅರ್ಧ ಗ್ರಾಮಿಗೂ ಕೆಳಕ್ಕೆ ಬಂತು. ಇದಕ್ಕಾಗಿ ಮಸಿಯನ್ನು ಹಿಡಿದಿಡುವ ಫಿಲ್ಟರು ಬಂತು. ಬಿಸಿ ಹೊಗೆಯ ಮೇಲೆ ಯೂರಿಯಾ ದ್ರಾವಣ ಸಿಂಪಡಿಸಿ ವಿಷಾನಿಲವನ್ನು ನೈಟ್ರೋಜನ್ ಮತ್ತು ನೀರಾಗಿ ಒಡೆಯುವ ವ್ಯವಸ್ಥೆ ಬಂತು. ಯೂರಿಯಾ ಮುಗಿದರೆ, ಅಥವಾ ಅದನ್ನು ಅಳೆಯುವ ಸೆನ್ಸಾರ್ ಕೆಟ್ಟರೆ, ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಕುಗ್ಗಿಸುತ್ತದೆ. ಕೆ.ಆರ್. ಮಾರ್ಕೆಟ್ಟಿನ ಸುತ್ತ ತೆವಳುವ ಗಾಡಿಯ ಹೊಗೆ ಸಾಕಷ್ಟು ಬಿಸಿಯೇ ಆಗುವುದಿಲ್ಲವಾದ್ದರಿಂದ ಫಿಲ್ಟರು ಕಟ್ಟಿಕೊಳ್ಳುವುದೂ ಉಂಟು.

ಸಾಲ ಮಾಡಿ ಒಂದೇ ಒಂದು ಲಾರಿ ಕೊಂಡವನನ್ನು ನೆನೆಯೋಣ. ಟೊಮೆಟೊ ಹೇರಿಕೊಂಡು ಹೊರಟ ಗಾಡಿ ನಡುದಾರಿಯಲ್ಲಿ ಆಮೆಯಂತಾಗುತ್ತದೆ. ಕಂಪನಿಯ ಸರ್ವಿಸ್ ಕೇಂದ್ರ ಎಲ್ಲೋ ಇದೆ. ಮಾಲು ಕೊಳೆಯುತ್ತದೆ, ಕಂತು ಕಾಯುವುದಿಲ್ಲ. ಆಗ ಯಾರೋ ಹೇಳುತ್ತಾರೆ: ಆ ಯೂರಿಯಾ ಲೆಕ್ಕವನ್ನೇ ಕಂಪ್ಯೂಟರಿನಿಂದ ಅಳಿಸಿಬಿಡೋಣ ಭಾಯ್, ಆಮೇಲೆ ತಲೆನೋವೇ ಇರೋದಿಲ್ಲ. ಅವನು ತಲೆಯಾಡಿಸಿದರೆ ಅವನನ್ನು ದುಷ್ಟನೆನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಕಾನೂನೇನೋ ಖಡಕ್ಕಾಗಿದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ.

ಮಾಲೀಕನ ವಾದ ಸರಳ: ಲಾರಿ ನನ್ನದು, ದುಡ್ಡು ನನ್ನದು, ಏನು ಬೇಕಾದರೂ ಮಾಡಿಸುತ್ತೇನೆ. ಲಾರಿ ಅವನದೇ, ಒಪ್ಪೋಣ. ಹೊಗೆ ಯಾರದು? ಸೈಲೆನ್ಸರ್ ದಾಟಿದ ಕ್ಷಣದಿಂದ ಅದು ತರಗುಪೇಟೆಯಲ್ಲಿ ಮೂಟೆ ಹೊರುವ ಹಮಾಲಿಯದು, ಫುಟ್‌ಪಾತಿನಲ್ಲಿ ಸೊಪ್ಪು ಹರಡಿ ಕೂತ ಹೆಂಗಸಿನದು, ಗ್ಯಾರೇಜಿನ ಹಿಂದಿನ ವಠಾರದಲ್ಲಿ ರಾತ್ರಿಯೆಲ್ಲ ಕೆಮ್ಮುವ ಮಗುವಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬಡವನ ಹೊಟ್ಟೆಪಾಡು ಒಂದು ಕಡೆ, ಶ್ರೀಮಂತರ ಪರಿಸರ ಪ್ರೇಮ ಇನ್ನೊಂದು ಕಡೆ ಎಂದು ಈ ಜಗಳವನ್ನು ಬಣ್ಣಿಸುವವರು ಈ ಮಗುವನ್ನು ಮರೆಯುತ್ತಾರೆ. ಎರಡು ಕಡೆಯೂ ನಿಂತಿರುವವರು ಬಡವರೇ. ಅನೇಕ ಸಲ ಒಂದೇ ಮನೆಯವರು.

ನಮ್ಮ ಮನೆಗಳಲ್ಲಿ ಹಿರಿಯರು ಹಕ್ಕುಲ್ ಇಬಾದ್ ಎಂಬ ಮಾತು ಹೇಳುತ್ತಿದ್ದರು. ದೇವರಿಗೆ ಸಲ್ಲಬೇಕಾದ ಬಾಕಿಯನ್ನು ದೇವರು ಮನ್ನಿಸಿಯಾನು. ಮನುಷ್ಯರ ಬಾಕಿಯನ್ನು ಆ ಮನುಷ್ಯರೇ ಮನ್ನಿಸಬೇಕು. ಪಕ್ಕದ ಮನೆಯವನಿಂದ ಪಡೆದ ಸಾಲವಾದರೆ ಬಾಗಿಲು ತಟ್ಟಿ ಕ್ಷಮೆ ಕೇಳಬಹುದು. ಚಾಮರಾಜಪೇಟೆಯಿಂದ ಮೈಸೂರು ರಸ್ತೆಯುದ್ದಕ್ಕೂ ಚೆಲ್ಲಿದ ಹೊಗೆಗೆ ಯಾರ ಬಾಗಿಲು ತಟ್ಟುವುದು?

ಇಲ್ಲಿ ಇನ್ನೊಂದು ತೊಡಕಿದೆ. 2020ಕ್ಕೂ ಮುಂಚಿನ ಎಷ್ಟೋ ಲಾರಿಗಳು ಇಂದಿಗೂ ಕಾನೂನುಬದ್ಧವಾಗಿಯೇ ಓಡುತ್ತಿವೆ. ಯೂರಿಯಾ ತೆಗೆಸಿದ ಹೊಸ ಲಾರಿಗಿಂತ ಅವುಗಳಲ್ಲಿ ಕೆಲವು ಹೆಚ್ಚೇ ಹೊಗೆ ಬಿಡುತ್ತಿರಬಹುದು. ಹಾಗಿದ್ದ ಮೇಲೆ ಅವನು ನಿರಪರಾಧಿ, ಇವನು ಅಪರಾಧಿ, ಇದೆಂಥ ನ್ಯಾಯ? ಪ್ರಶ್ನೆ ಹಗುರವಾದದ್ದಲ್ಲ. ಆದರೆ ಹಳೆಯ ಲಾರಿ ತಾನು ಹಳೆಯದೆಂದು ಒಪ್ಪಿಕೊಂಡೇ ಓಡುತ್ತದೆ. ಹೊಸದು ಬಿ.ಎಸ್.-6 ಎಂಬ ಚೀಟಿ ಹೊತ್ತು ಸುಳ್ಳು ಹೇಳುತ್ತದೆ. ಹೊಗೆ ಬಿಡುವುದು ಒಂದು ತಪ್ಪು, ಬಿಡುತ್ತಿಲ್ಲ ಎಂದು ನಂಬಿಸುವುದು ಎರಡನೆಯ ತಪ್ಪು. ನಮ್ಮ ಡೀಸೆಲ್ ತಪಾಸಣಾ ಕೇಂದ್ರಗಳು ನೋಡುವುದು ಹೊಗೆಯ ಕಪ್ಪನ್ನು ಮಾತ್ರ. ನೈಟ್ರೋಜನ್ ಆಕ್ಸೈಡುಗಳನ್ನು ಅವು ಅಳೆಯುವುದೇ ಇಲ್ಲವಾದ್ದರಿಂದ ಈ ಸುಳ್ಳು ಸಲೀಸಾಗಿ ಪಾಸಾಗುತ್ತದೆ. ತೂಕದ ಇನ್‌ಸ್ಪೆಕ್ಟರ್ ಬಂದಾಗ ಮಾತ್ರ ತಕ್ಕಡಿಯನ್ನು ನೇರ ಹಿಡಿಯುವ ಅಂಗಡಿಯವನನ್ನು ಪೇಟೆಯ ಜನ ಏನೆಂದು ಕರೆಯುತ್ತಾರೆಂಬುದು ಎಲ್ಲರಿಗೂ ಗೊತ್ತು.

ಈ ತಕ್ಕಡಿ ವಿದ್ಯೆಯನ್ನು ಗಲ್ಲಿಯ ಹುಡುಗರು ಕಂಡುಹಿಡಿಯಲಿಲ್ಲ ಎನ್ನುವುದನ್ನೂ ಹೇಳಬೇಕು. 1998ರಲ್ಲಿ ಅಮೆರಿಕ ಸರ್ಕಾರ ಏಳು ಲಾರಿ ಎಂಜಿನ್ ತಯಾರಕರನ್ನು ಇದೇ ಆರೋಪದ ಮೇಲೆ ಹಿಡಿಯಿತು: ತಪಾಸಣೆಯಲ್ಲಿ ಒಂದು ಲೆಕ್ಕ, ಹೆದ್ದಾರಿಯಲ್ಲಿ ಇನ್ನೊಂದು. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ತಂತ್ರಾಂಶವಿತ್ತು. ನಮ್ಮ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ ಆ ಕಂಪನಿಗೆ 500 ಕೋಟಿ ರೂಪಾಯಿ ದಂಡ ಹಾಕಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಲವಂತದ ಕ್ರಮಕ್ಕೆ ತಡೆ ನೀಡಿತು. ದೊಡ್ಡವರಿಗೆ ವಕೀಲರಿದ್ದಾರೆ, ಗ್ಯಾರೇಜಿನ ಹುಡುಗನಿಗೆ ಹೆಚ್ಚೆಂದರೆ ಜಾಮೀನು. ಇದರಿಂದ ಹುಡುಗನ ಕೆಲಸ ಸರಿಯಾಗಿಬಿಡುವುದಿಲ್ಲ, ನಿಜ. ಆದರೆ ಅವನಿಗೆ ಉಪದೇಶ ಮಾಡುವವರ ದನಿ ಸ್ವಲ್ಪ ತಗ್ಗಬೇಕು.

ಬೀಗ ಹಾಕಿದವರನ್ನೂ ಕೇಳಬೇಕಲ್ಲ. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಪ್ರಕರಣ ಕಾರುಗಳದ್ದಾದರೂ ರೋಗ ಒಂದೇ. ಕೆಟ್ಟ ಸೆನ್ಸಾರನ್ನು ಸರಿಪಡಿಸುವ ಉಪಕರಣ ಉಸ್ತಾದರಿಗೆ ಸಿಗುವುದಿಲ್ಲ, ಸೆನ್ಸಾರಿನ ಬಾಯಿ ಮುಚ್ಚಿಸುವ ಉಪಕರಣ ಮಾತ್ರ ಅಗ್ಗಕ್ಕೆ ಸಿಗುತ್ತದೆ ಎಂದಾದರೆ ಗ್ಯಾರೇಜುಗಳು ಯಾವ ಕಡೆ ವಾಲಬಹುದು? 2025ರ ಆಗಸ್ಟ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಯೂರಿಯಾ ದೋಷಕ್ಕೆ ಗಾಡಿ ತಟ್ಟನೆ ಶಕ್ತಿ ಕಳೆದುಕೊಳ್ಳದಂತೆ ತಂತ್ರಾಂಶ ಬದಲಿಸಿ ಎಂದು ತಯಾರಕರಿಗೆ ಹೇಳಿತು. ಯೂರಿಯಾ ಬೇಡ ಎನ್ನಲಿಲ್ಲ, ದಾರಿಯಲ್ಲಿ ನಿಲ್ಲಿಸಬೇಡಿ ಎಂದಿತು. ಇಷ್ಟನ್ನು ನಮ್ಮ ಲಾರಿ ಮಾಲೀಕರ ಸಂಘಗಳು ಇಲ್ಲಿಯೂ ಕೇಳಬಹುದು. ಜೊತೆಗೆ ಗಲ್ಲಿಯ ಮೆಕ್ಯಾನಿಕ್ಕಿಗೆ ತರಬೇತಿ ಕೊಡಿ, ಕಂಪ್ಯೂಟರಿನ ಬೀಗದ ಕೈ ಕೊಡಿ ಎಂದು ಕಂಪನಿಗಳನ್ನೂ, ನೈಟ್ರೋಜನ್ ಆಕ್ಸೈಡನ್ನೂ ಅಳೆಯಿರಿ ಎಂದು ಸಾರಿಗೆ ಇಲಾಖೆಯನ್ನೂ ಕೇಳಬಹುದು. ಕೊನೆಯ ಬೇಡಿಕೆ ಸಂಘದ ಸದಸ್ಯರಿಗೇ ರುಚಿಸದು. ಆದರೂ ಮೂರನ್ನೂ ಒಟ್ಟಿಗೇ ಕೇಳಬೇಕಾಗುತ್ತದೆ.