ಚಿತ್ರರೂಪ: ಹಳದಿ ಅಂಚಿನ ಎಲೆಯ ತತ್ತ್ವಜಿಜ್ಞಾಸೆ

ಹಲವು ಬಣ್ಣಗಳು ತೋರುವ ವಸ್ತುವಿನಲ್ಲಿ ನಿಜವಾಗಿ ಇರುವುದು ಒಂದು ಬಣ್ಣವೋ ಹಲವೋ ಎಂಬ ಪ್ರಶ್ನೆಯನ್ನು ನ್ಯಾಯ-ವೈಶೇಷಿಕ ದರ್ಶನವು ಗಂಭೀರವಾಗಿ ಚರ್ಚಿಸಿದೆ. 17ನೆಯ ಶತಮಾನದ ಅನ್ನಂಭಟ್ಟನು ‘ತರ್ಕಸಂಗ್ರಹ’ದಲ್ಲಿ ಬಿಳಿ, ನೀಲಿ, ಹಳದಿ ಮೊದಲಾದ ಆರು ಬಣ್ಣಗಳ ಜೊತೆಗೆ ‘ಚಿತ್ರ’ವೆಂಬ ಏಳನೆಯದನ್ನು ಎಣಿಸುತ್ತಾನೆ. ಬಣ್ಣವು ತನ್ನ ಆಶ್ರಯವನ್ನು ಇಡಿಯಾಗಿ ವ್ಯಾಪಿಸುವುದರಿಂದ ಎರಡು ಬಣ್ಣಗಳು ಒಂದೆಡೆ ನಿಲ್ಲಲಾರವು, ಬಣ್ಣವೇ ಇಲ್ಲದಿದ್ದರೆ ವಸ್ತುವು ಕಾಣಲಾರದು, ಆದಕಾರಣ ಚಿತ್ತಾರವಾಗಿ ತೋರುವುದನ್ನೂ ಒಂದೇ ಬಣ್ಣವೆಂದು ಒಪ್ಪಬೇಕು ಎಂಬುದು ಈ ಪಕ್ಷದ ವಾದ. ಅವನಿಗಿಂತ ಮೊದಲೇ ನೈಯಾಯಿಕ ರಘುನಾಥ ಶಿರೋಮಣಿಯು ಬಣ್ಣವು ವಸ್ತುವಿನ ಒಂದು ಭಾಗದಲ್ಲಷ್ಟೇ ಇರಬಲ್ಲದೆಂದು ಹೇಳಿ ಇದನ್ನು ನಿರಾಕರಿಸಿದ್ದನು.

ಮನೆಯ ಕುಂಡಗಳಲ್ಲಿ ಬೆಳೆಯುವ ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಈ ಚರ್ಚೆಗೆ ಜೀವಂತ ನಿದರ್ಶನವಾಗಿದೆ. ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಂಡು, ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿ ರಾತ್ರಿಯಲ್ಲಿ ತೆರೆಯುವ ಈ ಸಸ್ಯವು ಯಾದಗಿರಿ ಸೀಮೆಯ ಮುದನಾಳದಂಥ ಊರಿನ ಬೇಸಿಗೆಯನ್ನೂ ಪಡಸಾಲೆಯ ನೆರಳಿನಲ್ಲಿ ತಾಳಿಕೊಳ್ಳುತ್ತದೆ. ಅದನ್ನು ಕೊಲ್ಲುವುದು ಬಾಯಾರಿಕೆಗಿಂತ ಹೆಚ್ಚಾಗಿ ಬೇರನ್ನು ಕೊಳೆಸುವ ಅತಿಯಾದ ನೀರು. ಅದರ ಎಲೆಯಲ್ಲಿ ಆನುವಂಶಿಕವಾಗಿ ಭಿನ್ನವಾದ ಎರಡು ಜೀವಕೋಶಸಮೂಹಗಳು ಕೂಡಿ ಬೆಳೆಯುತ್ತವೆ. ಇಂತಹ ರಚನೆಗೆ ಸಸ್ಯಶಾಸ್ತ್ರವು ‘ಕೈಮೆರಾ’ ಎನ್ನುತ್ತದೆ. ಪತ್ರಹರಿತ್ತಿನ ಕೊರತೆಯಿರುವ ಹಳದಿ ಅಂಚು ನಡುವಿನ ಹಸಿರು ಸಿದ್ಧಪಡಿಸಿದ ಆಹಾರದಿಂದಲೇ ಬದುಕುತ್ತದೆ. ಎಲೆಯ ತುಂಡನ್ನು ನೆಟ್ಟರೆ ಹುಟ್ಟುವ ಮರಿಗಳು ಹಸಿರಾಗಿಯೇ ಇರುತ್ತವೆ. ಮಣ್ಣಿನೊಳಗಿನ ಗಡ್ಡೆಯನ್ನು ಬೇರುಸಹಿತ ಬಿಡಿಸಿ ನೆಟ್ಟಾಗ ಮಾತ್ರ ಅಂಚು ಉಳಿಯುತ್ತದೆ.

ಉಳಿಯಲೂ ಅಳಿಯಲೂ ಬಲ್ಲ ಇಂತಹ ಬಣ್ಣಕ್ಕೂ ಸಸ್ಯಕ್ಕೂ ಇರುವ ಸಂಬಂಧವನ್ನು ಅರಿಯಲು ದ್ವೈತಮತವು ನೆರವಾಗುತ್ತದೆ. ಅದೇ ಯಾದಗಿರಿಗೆ ಸಮೀಪದ ಯರಗೋಳದ ಗುಹೆಯಲ್ಲಿ ಜಯತೀರ್ಥರು ಗ್ರಂಥರಚನೆ ಮಾಡಿದರೆಂದು ಮಾಧ್ವ ಪರಂಪರೆಯು ನಂಬುತ್ತದೆ. ಅವರು ವಿವರಿಸಿದ ದ್ವೈತಮತವು, ದ್ರವ್ಯವಿರುವಷ್ಟು ಕಾಲವೂ ಇರುವ ‘ಯಾವದ್ದ್ರವ್ಯಭಾವಿ’ ಗುಣವು ದ್ರವ್ಯದಿಂದ ಅಭಿನ್ನವೆಂದೂ, ದ್ರವ್ಯವಿದ್ದಂತೆಯೇ ಅಳಿಯಬಲ್ಲ ಗುಣವು ಭಿನ್ನಾಭಿನ್ನವೆಂದೂ, ಅಂದರೆ ಬೇರೆಯೂ ಹೌದು ಒಂದೂ ಹೌದೆಂದೂ ವಿಂಗಡಿಸುತ್ತದೆ. ಈ ವಿವೇಚನೆಯ ಬೆಳಕಿನಲ್ಲಿ ನೋಡಿದರೆ, ಜೀವವು ಮುಂದುವರಿದರೂ ತಾನು ಕಳೆದುಹೋಗಬಲ್ಲ ಹಳದಿಯು ಸಸ್ಯದ ಸ್ವರೂಪವೂ ಅಲ್ಲ, ಹೊರಗಿನಿಂದ ಅಂಟಿಸಿದ ಅಲಂಕಾರವೂ ಅಲ್ಲ. ಬಣ್ಣಗಳನ್ನು ಎಣಿಸುವುದರಿಂದ ಮಾತ್ರ ಇದು ತಿಳಿಯುವುದಿಲ್ಲ. ಒಂದು ಇನ್ನೊಂದನ್ನು ಪೋಷಿಸುವ ಸಂಬಂಧವನ್ನು ಕಂಡಾಗಲೇ ತಿಳಿಯುತ್ತದೆ. ಆದ್ದರಿಂದ ಅಂಚಿನ ಚೆಲುವಿಗೆ ಮನಸೋತವರು ಎಲೆಯನ್ನು ಕತ್ತರಿಸದೆ, ಮಣ್ಣು ಪೂರ್ತಿ ಒಣಗುವವರೆಗೆ ನೀರಿನ ಕೈಯನ್ನು ತಡೆದು, ಕಣ್ಣಿಗೆ ಕಾಣದ ಗಡ್ಡೆಯನ್ನು ಕಾಯಬೇಕಾಗುತ್ತದೆ.