ನಾಣ್ಯದ ಬೆಲೆಯೂ ಕೊಂಡವನ ಹೊಣೆಯೂ

ಪದಾರ್ಥಗಳಿಗೆ ಬೆಲೆಯೆಂಬುದು ಒಂದು, ಯೋಗ್ಯತೆಯೆಂಬುದು ಮತ್ತೊಂದು. ಇವೆರಡನ್ನೂ ಒಂದೆಂದು ತಿಳಿಯುವುದೇ ಲೋಕವ್ಯವಹಾರದಲ್ಲಿ ಬಹುಮಟ್ಟಿನ ಭ್ರಾಂತಿಗೆ ಕಾರಣವು. ಈ ಮಾತು ಹಳೆಯದೇ ಸರಿ. ಆದರೆ ಈಚೆಗೆ ಇಂಗ್ಲೆಂಡಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಕೇಳಿದ ಪ್ರಶ್ನೆಯಿಂದ ಅದನ್ನು ಮರಳಿ ಆಲೋಚಿಸಬೇಕಾಯಿತು. ಅವನು ಅಂತರ್ಜಾಲದ ಅಂಗಡಿಯೊಂದರಲ್ಲಿ ಪ್ರಾಚೀನ ರೋಮಿನ ಹನ್ನೊಂದು ನಾಣ್ಯಗಳನ್ನು ಕೊಂಡು, ಅವುಗಳ ಚಿತ್ರಗಳನ್ನು ನನಗೆ ಕಳುಹಿಸಿ, “ಗುರುಗಳೇ, ಇವುಗಳ ನಿಜವಾದ ಬೆಲೆ ಎಷ್ಟಾದೀತು? ನಾನು ಮೋಸಹೋದೆನೋ, ಇಲ್ಲವೆ ಅಗ್ಗದಲ್ಲಿ ಗಿಟ್ಟಿಸಿಕೊಂಡೆನೋ ಹೇಳಬೇಕು” ಎಂದು ಬರೆದಿದ್ದನು.

ಪಾಠಶಾಲೆಯಲ್ಲಿ ಓದಿದವನಿಗೆ ರೋಮಿನ ನಾಣ್ಯದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಬಾಲ್ಯದಲ್ಲಿ ನಾವು ಬಾಯಿಪಾಠ ಮಾಡಿದ ಅಮರಕೋಶದಲ್ಲಿ ‘ನಿಷ್ಕ’ಶಬ್ದದ ಅರ್ಥಗಳೊಳಗೆ ‘ದೀನಾರ’ವೂ ಒಂದಾಗಿದೆ. ಅದು ರೋಮಿನವರ ‘ದೆನಾರಿಯಸ್’ ಎಂಬ ನಾಣ್ಯದ ಹೆಸರೇ ಸಮುದ್ರವನ್ನು ದಾಟಿ ಬಂದು ಸಂಸ್ಕೃತವಾದುದೆಂಬುದು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಅಂದಿನಿಂದ ಈ ವಿಷಯದಲ್ಲಿ ನನಗೊಂದು ಕುತೂಹಲವು ನಿಂತಿತು. ಶಿಷ್ಯನು ಅದನ್ನು ಬಲ್ಲನು.

ಮೊದಲು ಬೆಲೆಯ ವಿಚಾರ. ಎರಡು ಸಾವಿರ ವರ್ಷಗಳ ಹಿಂದಿನದೆಂದ ಮಾತ್ರಕ್ಕೆ ನಾಣ್ಯವು ಬೆಲೆಯುಳ್ಳದ್ದಾಗುವುದಿಲ್ಲ. ಹಳಮೆಯು ಬೆಲೆಗೆ ಸಹಾಯಕವೇ ಹೊರತು ಕಾರಣವಲ್ಲ. ರೋಮಿನವರು ಮುದ್ರಿಸಿದ ನಾಣ್ಯಗಳು ಅಸಂಖ್ಯಾತ. ನೆಲದಲ್ಲಿ ಹೂತವು ಇಂದಿಗೂ ದೊರೆಯುತ್ತಲೇ ಇವೆ. ಕಾನ್‌ಸ್ಟಂಟೈನನ ಕಾಲದ ಸವೆದ ತಾಮ್ರದ ನಾಣ್ಯವನ್ನು ಇಂಗ್ಲೆಂಡಿನಲ್ಲಿ ಕೆಲವೇ ಪೌಂಡುಗಳಿಗೆ ಕೊಳ್ಳಬಹುದು. ಲೋಹ, ತೂಕ, ಸವೆತ, ಲಿಪಿಯ ಸ್ಫುಟತೆ, ಅಂಥವು ಎಷ್ಟು ಉಳಿದಿವೆ, ಬೇಕೆನ್ನುವವರು ಎಷ್ಟು ಮಂದಿ, ಇವೆಲ್ಲವೂ ಸೇರಿ ಬೆಲೆಯನ್ನು ನಿರ್ಣಯಿಸುತ್ತವೆ.

ಇವುಗಳಲ್ಲಿ ಲೋಹದ ಚರಿತ್ರೆಯೇ ಒಂದು ನೀತಿಪಾಠವಾಗಿದೆ. ಆಗಸ್ಟಸನ ಕಾಲದ ದೆನಾರಿಯಸ್ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿಯದು. ಒಂದು ರೋಮನ್ ಪೌಂಡು ತೂಕಕ್ಕೆ ೮೪ ನಾಣ್ಯಗಳ ಲೆಕ್ಕ. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿಯು ಅದನ್ನು ೯೬ಕ್ಕೆ ಏರಿಸಿ, ಬೆಳ್ಳಿಯ ಪಾಲನ್ನೂ ತಗ್ಗಿಸಿದನು. ಸೆಪ್ಟಿಮಿಯಸ್ ಸೆವೆರಸನ ಕಾಲಕ್ಕೆ ಬೆಳ್ಳಿಯು ಸುಮಾರು ಅರ್ಧಕ್ಕೆ ಇಳಿಯಿತು. ಕ್ರಿ. ಶ. ೨೭೦ರ ವೇಳೆಗೆ ‘ಬೆಳ್ಳಿಯ ನಾಣ್ಯ’ವೆಂಬುದು ತಾಮ್ರದ ಬಿಲ್ಲೆಯ ಮೇಲಣ ತೆಳುವಾದ ಬೆಳ್ಳಿಯ ಲೇಪವಷ್ಟೇ ಆಗಿದ್ದಿತು. ಚಕ್ರವರ್ತಿಯ ಮುಖವು ಮಾತ್ರ ಮೊದಲಿನಂತೆಯೇ ಗಂಭೀರವಾಗಿತ್ತು! ನಮ್ಮ ದೇಶದ ವರ್ತಕರು ಆ ಮುಖವನ್ನು ನಂಬಿದವರಲ್ಲ. ಭಾರತದಲ್ಲಿ ದೊರೆತಿರುವ ರೋಮಿನ ಬೆಳ್ಳಿಯ ನಾಣ್ಯಗಳಲ್ಲಿ ಬಹುಪಾಲು ನೀರೋವಿನ ಕಲಬೆರಕೆಗೆ ಮುಂಚಿನ ಆಗಸ್ಟಸ್, ತಿಬೀರಿಯಸ್ ಎಂಬವರವೇ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ಸಿಕ್ಕಿದ ನಿಧಿಯೂ ಈ ಬಗೆಯದೇ.

ಇನ್ನು ಖೋಟಾ ನಾಣ್ಯಗಳ ಮಾತು. ಜರ್ಮನಿಯಲ್ಲಿ ಬೆಕರ್ ಎಂಬವನೊಬ್ಬನಿದ್ದನು (೧೭೭೨–೧೮೩೦). ಪ್ರಾಚೀನ ನಾಣ್ಯಗಳ ಅಚ್ಚುಗಳನ್ನು ಕೈಯಿಂದಲೇ ಕೊರೆದು ಹೊಸ ನಾಣ್ಯಗಳನ್ನು ಹೊಡೆದು, ಅವನ್ನು ಜಿಡ್ಡು ಮತ್ತು ಕಬ್ಬಿಣದ ಪುಡಿಯೊಡನೆ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ತನ್ನ ಗಾಡಿಗೆ ಕಟ್ಟಿ ದಾರಿಯುದ್ದಕ್ಕೂ ಕುಲುಕಿಸಿ ಅವಕ್ಕೆ ಮುಪ್ಪನ್ನು ತರಿಸುತ್ತಿದ್ದನೆಂದು ಹೇಳುತ್ತಾರೆ. ಇಂದಿನವರು ಎರಕಹೊಯ್ದೂ ಮಾಡುತ್ತಾರೆ. ಅಂಚಿನಲ್ಲಿ ಎರಕದ ಗೆರೆ, ಮೈಮೇಲೆ ಸೂಜಿಮೊನೆಯಂಥ ಕುಳಿಗಳು, ಎರಡು ನಾಣ್ಯಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ಗೀರು, ಇವು ಅದರ ಗುರುತುಗಳು. ಒಂದೇ ಅಚ್ಚಿನಿಂದ ಎರಡು ನಾಣ್ಯಗಳು ಹುಟ್ಟಬಹುದು. ಆದರೆ ಒಂದೇ ಗಾಯವು ಇಬ್ಬರಿಗೆ ಆಗುವುದುಂಟೆ? ಆದುದರಿಂದ ಬರಿಯ ಚಿತ್ರವನ್ನು ನೋಡಿ ಬೆಲೆ ಕಟ್ಟಲಾಗದು. ತೂಕವೂ ಅಂಚಿನ ಪರೀಕ್ಷೆಯೂ ಅವಶ್ಯವು.

ಇಷ್ಟನ್ನು ಬರೆದು ಮುಗಿಸಿಬಿಡಬಹುದಾಗಿತ್ತು. ಆದರೆ ಶಿಷ್ಯನ ಪ್ರಶ್ನೆಯ ಎರಡನೆಯ ಭಾಗವು ನನ್ನನ್ನು ತಡೆಯಿತು. ‘ನಾನು ಮೋಸಹೋದೆನೆ?’ ಎಂದು ಕೇಳುವವನು ‘ನಾನು ಮೋಸಮಾಡಿದೆನೆ?’ ಎಂದು ಕೇಳುವುದು ಅಪೂರ್ವ. ಅಗ್ಗದಲ್ಲಿ ಗಿಟ್ಟಿಸಿಕೊಂಡೆನೆಂಬ ಸಂತೋಷದ ಒಳಗೆ ಮಾರಿದವನ ಅಜ್ಞಾನದ ವಿಷಯದಲ್ಲಿ ಒಂದು ಸಂತೋಷವು ಅಡಗಿರುತ್ತದೆ. ಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಗೆ ಧರ್ಮವನ್ನು ಬೋಧಿಸಿದವನು ತುಲಾಧಾರನೆಂಬ ವರ್ತಕನು. ಅವನ ಹಿರಿಮೆಯೆಂದರೆ ತನ್ನ ತಕ್ಕಡಿಯು ಎಲ್ಲರಿಗೂ ಸಮನಾಗಿದ್ದುದು. ಕೊಳ್ಳುವಾಗ ಒಂದು ಕಣ್ಣು, ಮಾರುವಾಗ ಇನ್ನೊಂದು ಕಣ್ಣು ಉಳ್ಳವನ ಕೈಯಲ್ಲಿ ತಕ್ಕಡಿಯು ಸಮನಾಗಿ ನಿಲ್ಲಲಾರದು. ಅಂಗಡಿಯನ್ನಿಟ್ಟವನೇ ಪರೀಕ್ಷಕನಾಗಿದ್ದರೆ ಅವನ ನಷ್ಟವು ಅವನ ಹೊಣೆ ಎನ್ನಬಹುದು. ಅರಿಯದ ಬಡವನು ಮಾರುತ್ತಿದ್ದರೆ, ಅರಿತವನು ಬಾಯಿ ಮುಚ್ಚಿಕೊಂಡಿರುವುದು ವ್ಯಾಪಾರವಾದೀತೇ ವಿನಾ ನ್ಯಾಯವಾಗಲಾರದು.

ಇದಕ್ಕೂ ಮಿಗಿಲಾದ ಪ್ರಶ್ನೆಯೊಂದಿದೆ: ಈ ನಾಣ್ಯವು ಎಲ್ಲಿಂದ ಬಂದಿತು? ಕ್ರಿ. ಪೂ. ೪೪ರಲ್ಲಿ ಸೀಸರನನ್ನು ಕೊಂದವರಲ್ಲೊಬ್ಬನಾದ ಬ್ರೂಟಸನು ಆ ಕೊಲೆಯನ್ನೇ ಕೊಂಡಾಡಿ, ಎರಡು ಕಠಾರಿಗಳನ್ನು ಅಚ್ಚೊತ್ತಿಸಿದ ಚಿನ್ನದ ನಾಣ್ಯವೊಂದು ೨೦೨೦ರಲ್ಲಿ ಲಂಡನ್ನಿನ ಹರಾಜಿನಲ್ಲಿ ೪೦ ಲಕ್ಷ ಡಾಲರುಗಳಿಗೂ ಮೀರಿ ಮಾರಾಟವಾಯಿತು. ಪ್ರಾಚೀನ ನಾಣ್ಯಗಳಲ್ಲಿ ಇಷ್ಟು ಬೆಲೆಯು ಅಪೂರ್ವವಾದುದು. ಆದರೆ ಅದರ ಪೂರ್ವಸ್ವಾಮ್ಯದ ಕಾಗದಪತ್ರಗಳು ಸುಳ್ಳೆಂದು ತಿಳಿದುಬಂದು, ೨೦೨೩ರಲ್ಲಿ ಅದನ್ನು ಗ್ರೀಸ್ ದೇಶಕ್ಕೆ ಹಿಂದಕ್ಕೆ ಕೊಡಲಾಯಿತು. ನಾಣ್ಯದಲ್ಲಿ ಖೋಟವಿರಲಿಲ್ಲ, ಅದು ಬಂದ ದಾರಿಯಲ್ಲಿ ಖೋಟವಿತ್ತು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ೨೦೧೦ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಫ್ರೋಮ್ ಊರಿನ ಬಳಿ ಆಸ್ಪತ್ರೆಯ ಬಾಣಸಿಗನೊಬ್ಬನಿಗೆ ಹೊಲದಲ್ಲಿ ಹೂತ ಗುಡಾಣವೊಂದು ಕಂಡಿತು. ಅವನು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಬಲ್ಲವರನ್ನು ಕರೆಸಿದನು. ಅವರು ಪದರಪದರವಾಗಿ ತೆಗೆದು ಎಣಿಸಿದಾಗ ೫೨,೫೦೩ ನಾಣ್ಯಗಳಾದುವು. ಅವುಗಳಲ್ಲಿ ಎಲ್ಲಕ್ಕಿಂತ ಈಚಿನವಾದ ಕರೌಸಿಯಸನ ನಾಣ್ಯಗಳು ಬಾಯಿಯ ಬಳಿ ಇರದೆ ಬಹುಮಟ್ಟಿಗೆ ಕೆಳಗಿದ್ದುವು. ಆದಕಾರಣ ಅದು ವರ್ಷವರ್ಷವೂ ಕೂಡಿಟ್ಟ ಗಂಟಲ್ಲ, ಒಂದೇ ಕಾಲದಲ್ಲಿ ಸುರಿದ ರಾಶಿಯೆಂದು ತಿಳಿದುಬಂದಿತು. ಗುಡಾಣವನ್ನು ಒಡೆದು ಬಾಚಿಕೊಂಡಿದ್ದರೆ ನಾಣ್ಯಗಳೆಲ್ಲವೂ ಉಳಿಯುತ್ತಿದ್ದುವು. ಈ ತಿಳಿವಳಿಕೆ ಒಂದೇ ಅಳಿಯುತ್ತಿತ್ತು. ಆ ಸಂಗ್ರಹಕ್ಕೆ ೩,೨೦,೨೫೦ ಪೌಂಡು ಬೆಲೆ ಕಟ್ಟಿ ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಂಡುಕೊಂಡರು. ಆದರೆ ಕೈಯನ್ನು ಹಿಂದೆಗೆದುಕೊಂಡ ಆ ಕ್ಷಣಕ್ಕೆ ಯಾರು ಬೆಲೆ ಕಟ್ಟಬಲ್ಲರು?

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳದಿದ್ದರೆ ಈ ಲೇಖನವು ಪರೋಪದೇಶವಾದೀತು. ೧೯೮೭ರಲ್ಲಿ ನಾನು ಚಿತ್ರದುರ್ಗದ ಸೀಮೆಯ ಹಳ್ಳಿಯೊಂದರ ಶಾಲೆಯಲ್ಲಿದ್ದೆನು. ಅಲ್ಲಿಗೆ ದೂರವಲ್ಲದ ಚಂದ್ರವಳ್ಳಿಯಲ್ಲಿ ರೋಮಿನ ನಾಣ್ಯಗಳು ದೊರೆತುದನ್ನು ಓದಿ ಬಲ್ಲೆನು. ಒಂದು ದಿನ ಹುಡುಗನೊಬ್ಬನು ಚಡ್ಡಿಯ ಜೇಬಿನಿಂದ ಬೆಳ್ಳಿಯ ಬಿಲ್ಲೆಯೊಂದನ್ನು ತೆಗೆದು, “ಉಳುವಾಗ ಸಿಕ್ತು ಸಾರ್” ಎಂದು ಕೈಗಿತ್ತನು. ಅದು ತಿಬೀರಿಯಸನ ದೆನಾರಿಯಸ್! ಸಂಭ್ರಮದಿಂದ ಅವನಿಗೆ ಹತ್ತು ರೂಪಾಯಿ ಕೊಟ್ಟು ಅದನ್ನು ಇಟ್ಟುಕೊಂಡೆನು. “ಇನ್ನೂ ಅವೆ ಸಾರ್” ಎಂದು ಅವನು ಹೇಳಿದುದು ನನಗೆ ಕೇಳಿಸಿತು. ಆದರೆ ಮನಸ್ಸಿಗೆ ಇಳಿಯಲಿಲ್ಲ. ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ನಾನು ಅದನ್ನೂ ಮಾಡಲಿಲ್ಲ.

ಇಪ್ಪತ್ತು ವರ್ಷಗಳಾದ ಮೇಲೆ ಮನಸ್ಸು ಚುಚ್ಚಿ ಅದನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಹೋದೆನು. ಅಲ್ಲಿಯ ಅಧಿಕಾರಿಯು ಬೆಲೆಯ ಮಾತನ್ನೇ ಎತ್ತಲಿಲ್ಲ. “ಯಾವ ಹೊಲ? ಎಷ್ಟು ಆಳ? ಜೊತೆಯಲ್ಲಿ ಏನಿತ್ತು?” ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹಳ್ಳಿಗೆ ಹೋಗಿ ವಿಚಾರಿಸಿದೆನು. ಹುಡುಗನು ಊರು ಬಿಟ್ಟಿದ್ದನು. ಹೊಲವು ಕೈಬದಲಾಗಿ ಮನೆಗಳೆದ್ದಿದ್ದುವು. ಮಿಕ್ಕ ಬಿಲ್ಲೆಗಳನ್ನು ಅವನ ತಂದೆಯು ಅಕ್ಕಸಾಲಿಗೆ ಕೊಟ್ಟು ಮಗಳಿಗೆ ಕಾಲ್ಗಡಗ ಮಾಡಿಸಿದ್ದನೆಂದು ನೆರೆಯ ಮುದುಕಿಯೊಬ್ಬಳು ಹೇಳಿದಳು. ಆ ರೈತನನ್ನು ನಾನು ಹಳಿಯಲಾರೆನು. ಅವನು ಬೆಳ್ಳಿಯನ್ನು ಬೆಳ್ಳಿಯೆಂದು ಕಂಡನು. ಅದಕ್ಕಿಂತ ಹೆಚ್ಚಿನದೆಂದು ಬಲ್ಲವನು ಆ ಊರಿನಲ್ಲಿ ನಾನೊಬ್ಬನೇ. ಬಲ್ಲವನು ಕೇಳದೆ ಹೋದುದೇ ಅಪರಾಧವು.

ಶಿಷ್ಯನಿಗೆ ನಾನು ಹೀಗೆ ಬರೆದೆನು: “ನಿನ್ನ ಹನ್ನೊಂದರಲ್ಲಿ ಹತ್ತು ಸಾಧಾರಣ ತಾಮ್ರದವು; ಕೆಲವು ಪೌಂಡುಗಳಿಗಿಂತ ಹೆಚ್ಚು ಬಾಳಲಾರವು. ಬೆಳ್ಳಿಯಂತೆ ಕಾಣುವ ಒಂದನ್ನು ತೂಗಿಸಿ, ಬಲ್ಲವರಿಗೆ ಕೈಯಲ್ಲಿ ಕೊಟ್ಟು ತೋರಿಸು. ಇದು ಬೆಲೆಯಾಯಿತು. ಇನ್ನು ಮಾರಿದವನಿಗೆ ಒಂದು ಕಾಗದ ಬರೆದು, ಇವು ಎಲ್ಲಿ, ಯಾವಾಗ, ಯಾರಿಂದ ಬಂದುವೆಂದು ಕೇಳು. ತೃಪ್ತಿಕರವಾದ ಉತ್ತರ ಬಂದರೆ ಅದನ್ನು ನಾಣ್ಯದ ಜೊತೆಯಲ್ಲೇ ಇಡು. ಬಾರದಿದ್ದರೆ ಅವನಲ್ಲಿ ಇನ್ನು ಕೊಳ್ಳಬೇಡ. ಈ ಪ್ರಶ್ನೆಯನ್ನು ಹಣ ಕೊಟ್ಟ ಮೇಲಲ್ಲ, ಕೊಡುವ ಮೊದಲೇ ಕೇಳಬೇಕಾಗಿತ್ತು. ನಾನೂ ಕೇಳಲಿಲ್ಲ.”

ಅವನ ಉತ್ತರವು ನಿನ್ನೆ ಬಂದಿತು. ಅಂಗಡಿಯವನು ಎರಡು ಸಲ ಕೇಳಿದರೂ ಸುಮ್ಮನಿದ್ದಾನಂತೆ. ಶಿಷ್ಯನು ಇನ್ನೂ ಎಂಟು ನಾಣ್ಯಗಳಿಗೆ ಕೊಟ್ಟಿದ್ದ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾನೆ. ಇತ್ಯಲಂ ವಿಸ್ತರೇಣ.